ಡಾಲ್‌ಹೌಸಿಯ ದಡದಲ್ಲಿ ಡ್ರಮ್ಮಿನ ನೆನಪು

ಟೊರಾಂಟೊದಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಕೆನಡಾಕ್ಕೆ ಹೋಗುವ ಕನ್ನಡಿಗರ ಪ್ರವಾಸದಲ್ಲಿ ನಯಾಗರಾ ಜಲಪಾತ ತಪ್ಪುವುದಿಲ್ಲ. ವಾರದ ರಜೆಯ ಒಂದು ಬೆಳಿಗ್ಗೆ ಪುಳಿಯೋಗರೆ, ಮೊಸರನ್ನದ ಡಬ್ಬಿ ಕಟ್ಟಿಕೊಂಡು ಕಾರು ಹತ್ತಿದರೆ, ಒಂಟಾರಿಯೊ ಸರೋವರದ ಅಂಚು ಹಿಡಿದ ಹೆದ್ದಾರಿ ಹ್ಯಾಮಿಲ್ಟನ್ ಎಂಬ ಉಕ್ಕಿನ ಊರಿನ ಬಳಿ ಬಳಸಿಕೊಂಡು, ದ್ರಾಕ್ಷಿ ಮತ್ತು ಪೀಚ್ ತೋಟಗಳ ನಡುವೆ ಸಾಗುತ್ತದೆ. ಜಲಪಾತದ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಮುಖಕ್ಕೆ ನೀರಿನ ಹನಿ ಸಿಡಿಸಿಕೊಂಡು ಸಂಜೆಗೆ ವಾಪಸು. ಆದರೆ ಜಲಪಾತಕ್ಕೆ ಇನ್ನೂ ಇಪ್ಪತ್ತೈದು ಕಿಲೋಮೀಟರ್ ಇರುವಾಗಲೇ ಸೇಂಟ್ ಕ್ಯಾಥರೀನ್ಸ್ ಎಂಬ ನಗರ ಸಿಗುತ್ತದೆ. ಅಲ್ಲಿ ಎಡಕ್ಕೆ, ಸರೋವರದ ಕಡೆಗೆ ತಿರುಗಿದರೆ ಕೆಲವೇ ನಿಮಿಷಗಳಲ್ಲಿ ಪೋರ್ಟ್ ಡಾಲ್‌ಹೌಸಿ. ಆ ತಿರುವಿನಲ್ಲಿ ತಿರುಗುವವರು ಕಡಿಮೆ. ತಿರುಗಿದವರಲ್ಲಿ ಕೆಲವರ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಜೊತೆ ಡ್ರಮ್ ಕೋಲುಗಳಿರುತ್ತವೆ.

ಡಾಲ್‌ಹೌಸಿ ಎಂದ ಕೂಡಲೇ ನಮಗೆ ನೆನಪಾಗುವುದು ಶಾಲೆಯ ಇತಿಹಾಸ ಪುಸ್ತಕ. ದತ್ತುಮಕ್ಕಳಿಗೆ ಹಕ್ಕಿಲ್ಲವೆಂದು ಹೇಳಿ ಸಂಸ್ಥಾನಗಳನ್ನು ನುಂಗಿದ ಗವರ್ನರ್ ಜನರಲ್ ಅವನು. ಹಿಮಾಚಲದ ಗಿರಿಧಾಮಕ್ಕೂ ಅವನದೇ ಹೆಸರು. ಈ ಕೆನಡಾದ ಬಂದರಿನ ಹೆಸರು ಆತನದಲ್ಲ, ಆತನ ಅಪ್ಪನದು. ಒಂಬತ್ತನೆಯ ಅರ್ಲ್ ಆಫ್ ಡಾಲ್‌ಹೌಸಿ 1820ರಿಂದ 1828ರವರೆಗೆ ಬ್ರಿಟಿಷ್ ಉತ್ತರ ಅಮೆರಿಕದ ಗವರ್ನರ್ ಜನರಲ್ ಆಗಿದ್ದ. ಅಪ್ಪ ಅಲ್ಲಿ ಆಳಿದ, ಮಗ ಇಲ್ಲಿ ಆಳಿದ. ಊರವರು ಮಾತ್ರ ದೊರೆಯ ಹೆಸರನ್ನು ತಮ್ಮ ನಾಲಗೆಗೆ ತಕ್ಕಂತೆ ತಿರುಗಿಸಿಕೊಂಡಿದ್ದಾರೆ. ಅವರ ಬಾಯಲ್ಲಿ ಅದು ‘ಪೋರ್ಟ್ ಡಲೂಝಿ’.

ಈ ಬಂದರು ಹುಟ್ಟಿದ್ದೇ ನಯಾಗರಾದಿಂದ. ಈರಿ ಸರೋವರಕ್ಕೂ ಒಂಟಾರಿಯೊ ಸರೋವರಕ್ಕೂ ನಡುವೆ ಸುಮಾರು 100 ಮೀಟರ್ ಎತ್ತರದ ಅಂತರವಿದೆ. ನದಿ ಜಲಪಾತವಾಗಿ ಧುಮುಕುತ್ತದೆ, ಹಡಗು ಧುಮುಕಲಾಗದು. ಅದಕ್ಕಾಗಿ ವೆಲ್ಲೆಂಡ್ ಕಾಲುವೆ ತೋಡಿದರು. 1829ರಲ್ಲಿ ತೆರೆದ ಮೊದಲ ಕಾಲುವೆಯೂ, ಆಮೇಲಿನ ಎರಡು ಕಾಲುವೆಗಳೂ ಸರೋವರಕ್ಕೆ ಬಂದು ಸೇರುತ್ತಿದ್ದುದು ಇಲ್ಲೇ. ಬಾಗಿಲು ಮುಚ್ಚಿ, ನೀರು ತುಂಬಿಸಿ, ಮೆಟ್ಟಿಲು ಹತ್ತಿಸಿದಂತೆ ಹಡಗನ್ನು ಮೇಲೇರಿಸುತ್ತಿದ್ದರು. 1932ರಲ್ಲಿ ಪೂರ್ತಿಯಾದ ನಾಲ್ಕನೆಯ ಕಾಲುವೆ ಪಕ್ಕದ ಪೋರ್ಟ್ ವೆಲ್ಲರ್‌ನಲ್ಲಿ ಸರೋವರ ಸೇರಿತು. ಅಲ್ಲಿಗೆ ಇಲ್ಲಿನ ವ್ಯಾಪಾರ ತಣ್ಣಗಾಯಿತು. ಉಳಿದದ್ದು ಎರಡು ದೀಪಸ್ತಂಭ, ಹಳೆಯ ಇಟ್ಟಿಗೆ ಕಟ್ಟಡಗಳು, ಆಟಿಕೆಯಂತಿರುವ ಒಂದು ಪುಟ್ಟ ಸೆರೆಮನೆ, ದೋಣಿ ಪಂದ್ಯಗಳಿಗೆ ಹೆಸರಾದ ಕೊಳ, ಮತ್ತು ಮರಳಿನ ದಡ. ಆ ದಡದ ಮೇಲೆ ಲೇಕ್‌ಸೈಡ್ ಪಾರ್ಕ್.

ಐದು ಸೆಂಟಿನ ಸವಾರಿ

ಒಂದು ಕಾಲಕ್ಕೆ ಇದು ವರ್ಷದ ಬೇಸಿಗೆಯಿಡೀ ನಡೆಯುವ ಜಾತ್ರೆಯಂತಿತ್ತು. ಟೊರಾಂಟೊದಿಂದ ಸರೋವರ ದಾಟಿ ಉಗಿಹಡಗುಗಳಲ್ಲಿ ಜನ ಬರುತ್ತಿದ್ದರು. ಸುತ್ತಲಿನ ಊರುಗಳಿಂದ ಟ್ರಾಮು. ಗುರಿ ಎಸೆದು ಬೊಂಬೆ ಗೆಲ್ಲುವ ಅಂಗಡಿಗಳು, ತೊಟ್ಟಿಲು, ಹುರಿದ ಆಲೂಗಡ್ಡೆಯ ವಾಸನೆ, ಮೇ 24ರ ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬಕ್ಕೆ ಬಾಣಬಿರುಸು. 1970ರ ಹೊತ್ತಿಗೆ ಎಲ್ಲವೂ ಮುಗಿಯಿತು. ಅಂಗಡಿಗಳು ಎದ್ದುಹೋದವು, ಯಂತ್ರಗಳು ಹರಾಜಾದವು.

ಹೋಗದೆ ಉಳಿದದ್ದು ಒಂದೇ: ತಿರುಗುವ ಕುದುರೆ. ಚಾರ್ಲ್ಸ್ ಲೂಫ್ ಎಂಬ ಶಿಲ್ಪಿ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಮರದಲ್ಲಿ ಕೆತ್ತಿಸಿದ್ದು. 1921ರಲ್ಲಿ ಈ ಊರಿಗೆ ಬಂದದ್ದು. ಕುದುರೆ, ಸಿಂಹ, ಒಂಟೆ, ಆಡು ಎಲ್ಲಾ ಸೇರಿ ಅರವತ್ತಕ್ಕೂ ಹೆಚ್ಚು ಪ್ರಾಣಿಗಳು ನಾಲ್ಕು ಸಾಲಿನಲ್ಲಿ ಸುತ್ತುತ್ತವೆ. ಪಾರ್ಕು ಮುಚ್ಚಿದಾಗ ಊರಿನ ಮಹನೀಯರೊಬ್ಬರು ಅದನ್ನು ಕೊಂಡು ನಗರಕ್ಕೆ ಒಪ್ಪಿಸಿದರು. ಒಪ್ಪಿಸುವಾಗ ಹಾಕಿದ ಷರತ್ತು ಸರಳ: ಇದು ಇಲ್ಲೇ ಇರಬೇಕು, ಒಂದು ಸುತ್ತಿಗೆ ಐದು ಸೆಂಟಿಗಿಂತ ಹೆಚ್ಚು ತೆಗೆದುಕೊಳ್ಳಬಾರದು. ಆ ಮಾತು ಇಂದಿಗೂ ನಡೆದುಬಂದಿದೆ. ಕೆನಡಾ ಸರ್ಕಾರ 2013ರಲ್ಲಿ ಒಂದು ಸೆಂಟಿನ ನಾಣ್ಯವನ್ನೇ ಚಲಾವಣೆಗೆ ಬಿಡುವುದು ನಿಲ್ಲಿಸಿತು. ಬೀವರ್ ಎಂಬ ನೀರುಪ್ರಾಣಿಯ ಚಿತ್ರವಿರುವ ಐದು ಸೆಂಟಿನ ಬಿಲ್ಲೆಗೆ ಕೊಳ್ಳಲು ಸಿಗುವುದು ಏನೂ ಇಲ್ಲ. ಆದರೂ ಇಲ್ಲಿ ಮರದ ಸಿಂಹದ ಮೇಲೆ ಕೂರಬಹುದು.

ಅರವತ್ತರ ದಶಕದ ಕೊನೆಯ ಬೇಸಿಗೆಗಳಲ್ಲಿ ಈ ಪಾರ್ಕಿನ ಆಟದ ಅಂಗಡಿಯೊಂದರಲ್ಲಿ ಸಣಕಲು ಹುಡುಗನೊಬ್ಬ ಕೆಲಸಕ್ಕಿದ್ದ. ಗಿರಾಕಿಗಳನ್ನು ಕೂಗಿ ಕರೆಯಬೇಕಾದದ್ದು ಅವನ ಕೆಲಸ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಸುಮ್ಮನೆ ಕೂತಿರುತ್ತಾನೆಂದು ಅವನನ್ನು ಕೆಲಸದಿಂದ ತೆಗೆದರು. ಹುಡುಗನ ಹೆಸರು ನೀಲ್ ಪಿಯರ್ಟ್. ಮುಂದೆ ಜಗತ್ತಿನ ರಾಕ್ ಸಂಗೀತದ ಶ್ರೇಷ್ಠ ಡ್ರಮ್ ವಾದಕರಲ್ಲಿ ಒಬ್ಬನೆಂದು ಹೆಸರಾದ, ‘ರಷ್’ ತಂಡದ ಮೂವರಲ್ಲಿ ಒಬ್ಬನಾದ, ಅದರ ಹಾಡುಗಳ ಸಾಹಿತ್ಯವನ್ನೂ ಬರೆದ ಪಿಯರ್ಟ್.

ಚಪ್ಪಾಳೆಯ ಪಾಲುದಾರ

ಪ್ರತಿ ವರ್ಷ ಮೇ 24ಕ್ಕೆ ತಪ್ಪದೆ ಈ ದಡಕ್ಕೆ ಬರುವ ಅಭಿಮಾನಿಯೊಬ್ಬರಿದ್ದಾರೆ. ಹ್ಯಾಮಿಲ್ಟನ್‌ನ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ದುಡಿದು ನಿವೃತ್ತರಾದವರು; ಅರವತ್ತು ದಾಟಿದ ವಯಸ್ಸು. ಕುಲುಮೆಯ ಸದ್ದಿಗೆ ಒಂದು ಕಿವಿ ಮಂದವಾಗಿದೆ. ಮೇಜು ಸಿಕ್ಕರೂ, ಬೆಂಚು ಸಿಕ್ಕರೂ, ಕಾರಿನ ಸ್ಟೀರಿಂಗ್ ಸಿಕ್ಕರೂ ಅವರ ಬೆರಳು ಸುಮ್ಮನಿರುವುದಿಲ್ಲ. ಪಿಯರ್ಟ್ ವಿಷಯ ತೆಗೆದರೆ ಅವರು ಮೊದಲು ಹೇಳುವುದು ತಮ್ಮ ಚಪ್ಪಾಳೆಯ ಕಥೆ.

1976ರ ಜೂನ್. ಅವರಿಗೆ ಆಗ ಹದಿನೈದು. ಅಣ್ಣನ ಜೊತೆ ಬಸ್ಸು ಹತ್ತಿ ಟೊರಾಂಟೊದ ಮ್ಯಾಸಿ ಹಾಲ್‌ಗೆ ಹೋಗಿದ್ದರು. 1894ರಲ್ಲಿ ಕಟ್ಟಿದ ಆ ಸಭಾಂಗಣದಲ್ಲಿ ರಷ್ ತಂಡ ಮೂರು ರಾತ್ರಿ ನುಡಿಸಿತು. ಆ ಕಛೇರಿಗಳನ್ನು ಧ್ವನಿಮುದ್ರಿಸಿ ಅದೇ ವರ್ಷ ಎಲ್.ಪಿ. ರೆಕಾರ್ಡಾಗಿ ಹೊರತಂದರು. “ಆ ರೆಕಾರ್ಡಿನಲ್ಲಿ ಕೇಳುವ ಚಪ್ಪಾಳೆಯಲ್ಲಿ ನನ್ನದೂ ಒಂದು ಜೊತೆ ಕೈ ಇದೆ. ನೀಲ್ ಜೊತೆ ನಾನೂ ರೆಕಾರ್ಡಾಗಿದ್ದೇನೆ ಅಂತ ಹೆಂಡತಿಗೆ ಹೇಳುತ್ತಿದ್ದೆ. ಅವಳು ನಗುತ್ತಿದ್ದಳು” ಎನ್ನುತ್ತಾರೆ.

ಹದಿನೈದರ ಹುಡುಗನನ್ನು ಹಿಡಿದು ನಿಲ್ಲಿಸಿದ್ದು ಬರಿಯ ಸದ್ದಲ್ಲ. ಪಿಯರ್ಟ್ ತಮ್ಮ ಹಾಗೆಯೇ ಇರುವವನು ಎಂಬ ಭಾವನೆ. 1952ರ ಸೆಪ್ಟೆಂಬರ್ 12ರಂದು ಹುಟ್ಟಿದ್ದು ಹ್ಯಾಮಿಲ್ಟನ್‌ನಲ್ಲೇ. ಮೊದಲ ದಿನಗಳು ಹತ್ತಿರದ ಹೇಗರ್ಸ್‌ವಿಲ್‌ನ ಹೊಲಮನೆಯಲ್ಲಿ. ಅಪ್ಪ ಬೇಸಾಯದ ಯಂತ್ರಗಳ ಬಿಡಿಭಾಗ ಮಾರುವ ಅಂಗಡಿಯ ಉಸ್ತುವಾರಿಗೆ ಸೇರಿ ಸಂಸಾರ ಸೇಂಟ್ ಕ್ಯಾಥರೀನ್ಸ್‌ಗೆ, ಆಮೇಲೆ ಪೋರ್ಟ್ ಡಾಲ್‌ಹೌಸಿಗೆ ಬಂತು. ಮನೆಯ ಸಾಮಾನನ್ನೆಲ್ಲ ಕಡ್ಡಿಯಲ್ಲಿ ಬಡಿಯುತ್ತಿದ್ದ ಮಗನಿಗೆ ಹದಿಮೂರನೆಯ ಹುಟ್ಟುಹಬ್ಬಕ್ಕೆ ಒಂದು ಜೊತೆ ಕೋಲು, ಅಭ್ಯಾಸಕ್ಕೊಂದು ಮೆತ್ತೆ, ಜೊತೆಗೆ ಪಾಠ. ‘ಒಂದು ವರ್ಷ ಬಿಡದೆ ಕಲಿತರೆ ಡ್ರಮ್ ಕೊಡಿಸುತ್ತೇವೆ’ ಎಂಬುದು ತಂದೆತಾಯಿಯ ಕರಾರು. ಹುಡುಗ ಬಿಡಲಿಲ್ಲ; ಮುಂದಿನ ಹುಟ್ಟುಹಬ್ಬಕ್ಕೆ ಡ್ರಮ್ ಬಂತು. ಮೊದಲು ಜನರ ಮುಂದೆ ನುಡಿಸಿದ್ದು ಪೋರ್ಟ್ ಡಾಲ್‌ಹೌಸಿಯ ಸೇಂಟ್ ಜಾನ್ಸ್ ಚರ್ಚಿನ ಸಭಾಂಗಣದಲ್ಲಿ, ಶಾಲೆಯ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ.

ಹದಿನೆಂಟಕ್ಕೆ ಡ್ರಮ್ ಕಟ್ಟಿಕೊಂಡು ಲಂಡನ್ನಿಗೆ ಹೋದ. ದೊಡ್ಡ ಸಂಗೀತಗಾರನಾಗುವ ಕನಸು. ಅಲ್ಲಿ ಕಾರ್ನಬಿ ಬೀದಿಯ ಅಂಗಡಿಯಲ್ಲಿ ಪ್ರವಾಸಿಗರಿಗೆ ಚಿಲ್ಲರೆ ಸಾಮಾನು ಮಾರಿದ್ದಾಯಿತು. ಒಂದೂವರೆ ವರ್ಷಕ್ಕೆ ಮರಳಿ ಬಂದು ಅಪ್ಪನ ಕೈಕೆಳಗೆ ಟ್ರ್ಯಾಕ್ಟರ್ ಬಿಡಿಭಾಗ ಮಾರಲು ನಿಂತ. ಹಾಗೆ ನಿಂತಿದ್ದಾಗಲೇ ಟೊರಾಂಟೊದ ರಷ್ ತಂಡಕ್ಕೆ ಡ್ರಮ್ ನುಡಿಸುವವನು ಬೇಕಾಗಿದ್ದಾನೆಂದು ಸುದ್ದಿ ಬಂತು. ತಂಡದ ಮೊದಲ ವಾದಕ ಜಾನ್ ರಟ್ಸಿ ಬಿಟ್ಟು ಹೊರಟಿದ್ದ. ಹಳೆಯ ಸಣ್ಣ ಕಾರಿನಲ್ಲಿ, ಚಡ್ಡಿ ತೊಟ್ಟು, ಡ್ರಮ್‌ಗಳನ್ನು ಕಸದ ಡಬ್ಬಿಗಳಲ್ಲಿ ತುಂಬಿಕೊಂಡು ಪಿಯರ್ಟ್ ಪರೀಕ್ಷೆಗೆ ಹೋದ. ಹಾಡುಗಾರ ಗೆಡ್ಡಿ ಲೀಗೆ ಕೂಡಲೇ ಹಿಡಿಸಿತು. ಗಿಟಾರಿನ ಅಲೆಕ್ಸ್ ಲೈಫ್‌ಸನ್‌ಗೆ ಅಷ್ಟಾಗಿ ಹಿಡಿಸಲಿಲ್ಲ. ಅಂತೂ 1974ರ ಜುಲೈ 29ರಂದು ತಂಡಕ್ಕೆ ಸೇರಿಸಿಕೊಂಡರು. ಎರಡು ವಾರ ಕಳೆದು, ಆಗಸ್ಟ್ 14ರಂದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 11,000ಕ್ಕೂ ಹೆಚ್ಚು ಜನರ ಮುಂದೆ ಆತ ಕೂತಿದ್ದ.

“ಟ್ರ್ಯಾಕ್ಟರ್ ಬೋಲ್ಟು ಎಣಿಸಿ ಕೊಡುತ್ತಿದ್ದವನು ಒಂದು ತಿಂಗಳೊಳಗೆ ಅಲ್ಲಿದ್ದ. ಕಾರ್ಖಾನೆಗೆ ಸೇರುವ ಪ್ರತಿಯೊಬ್ಬ ಹುಡುಗನೂ ಈ ಕಥೆ ಜೇಬಿನಲ್ಲಿಟ್ಟುಕೊಂಡೇ ಬರುತ್ತಿದ್ದ. ನನ್ನ ಜೇಬಿನಲ್ಲೂ ಇತ್ತು” ಎಂದು ಅಭಿಮಾನಿ ನಗುತ್ತಾರೆ. ಅವರೂ ಡ್ರಮ್ ಕೊಂಡಿದ್ದರು. ರಾತ್ರಿ ಪಾಳಿ, ಮದುವೆ, ಮಗಳು, ಮನೆಯ ಕಂತು. ಡ್ರಮ್ ನೆಲಮಾಳಿಗೆ ಸೇರಿತು, ಆಮೇಲೆ ಮಾರಾಟವಾಯಿತು.

ಲಘು, ಗುರು, ತಿರುಗುವ ವೇದಿಕೆ

ಪಿಯರ್ಟ್ ನುಡಿಸುವುದರಲ್ಲಿ ಅಂಥದ್ದೇನಿತ್ತು? ಕರ್ನಾಟಕ ಸಂಗೀತ ಕೇಳುವವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಸಾಮಾನ್ಯ ರಾಕ್ ಸಂಗೀತ ನಾಲ್ಕರ ಎಣಿಕೆಯಲ್ಲಿ ನಡೆಯುತ್ತದೆ. ನಮ್ಮ ಆದಿತಾಳದಂತೆ ಕಾಲು ತಾನಾಗಿ ಹೆಜ್ಜೆ ಹಾಕುತ್ತದೆ. ರಷ್ ತಂಡ ಏಳರ ಎಣಿಕೆಗೂ ಐದರ ಎಣಿಕೆಗೂ ಸಲೀಸಾಗಿ ದಾಟುತ್ತಿತ್ತು. 1981ರ ‘ಟಾಮ್ ಸಾಯರ್’ ಹಾಡಿನ ನಡುವೆ ಬರುವ ವಾದ್ಯಭಾಗದಲ್ಲಿ ‘ತಕಿಟ ತಕದಿಮಿ’ ಎಂದು ಮಿಶ್ರಚಾಪು ಹಾಕಿ ನೋಡಬಹುದು.

ಅದೇ ವರ್ಷದ ‘ವೈವೈಝಡ್’ ಎಂಬ ಹಾಡಿಲ್ಲದ ಕೃತಿ ಇನ್ನೂ ಸೊಗಸು. ವೈವೈಝಡ್ ಎಂಬುದು ಟೊರಾಂಟೊ ವಿಮಾನ ನಿಲ್ದಾಣದ ಗುರುತಿನ ಅಕ್ಷರಗಳು. ತಂತಿ ಕಚೇರಿಯ ಮೋರ್ಸ್ ಸಂಕೇತದಲ್ಲಿ ಅವು ಹೇಗೆ ಬಡಿದುಕೊಳ್ಳುತ್ತವೋ ಹಾಗೆಯೇ ಕೃತಿ ಆರಂಭವಾಗುತ್ತದೆ. ಚುಕ್ಕೆಗೆ ಒಂದು, ಗೆರೆಗೆ ಎರಡು. ಥೇಟ್ ನಮ್ಮ ಛಂದಸ್ಸಿನ ಲಘು ಮತ್ತು ಗುರು. ಪ್ರಸ್ತಾರ ಹಾಕಿದರೆ ಮೊದಲ ಅಕ್ಷರಕ್ಕೆ ಏಳು ಮಾತ್ರೆ, ಎರಡನೆಯದಕ್ಕೆ ಏಳು, ಮೂರನೆಯದಕ್ಕೆ ಆರು, ಒಟ್ಟು 20. ಊರಿಗೆ ವಿಮಾನ ಇಳಿಯುವಾಗ ಕೇಳುವ ಸಂಕೇತ ಹಾಡಾಗಿದೆ ಎಂಬುದೇ ಒಂಟಾರಿಯೊದವರಿಗೆ ಹೆಮ್ಮೆ. 2002ರಲ್ಲಿ ಬ್ರೆಜಿಲಿನ ರಿಯೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಸುಮಾರು 40,000 ಜನ ಈ ಮಾತಿಲ್ಲದ ಕೃತಿಯನ್ನೇ ಬಾಯಿಬಿಟ್ಟು ಹಾಡಿದರು.

ಪ್ರತಿ ಕಛೇರಿಯಲ್ಲೂ ಪಿಯರ್ಟ್‌ನ ಒಂಟಿ ವಾದನವಿರುತ್ತಿತ್ತು. ನಮ್ಮ ತನಿ ಆವರ್ತನದ ಹಾಗೆ. ಆದರೆ ನಮ್ಮಲ್ಲಿ ತನಿ ಶುರುವಾದರೆ ಕೆಲವರು ಕಾಫಿಗೆ ಏಳುತ್ತಾರೆ. ಅಲ್ಲಿ ಹೊರಗೆ ಹೋದವರೂ ಓಡಿಬರುತ್ತಿದ್ದರು. ಹಸುವಿನ ಕೊರಳ ಗಂಟೆಗಳು, ಮರದ ಡೊಗರುಗಳು, ಉದ್ದ ಕೊಳವೆಯ ಗಂಟೆಗಳು ಎಲ್ಲವನ್ನೂ ಸುತ್ತ ಜೋಡಿಸಿಕೊಂಡು ನಡುವೆ ಆತ ಕೂರುತ್ತಿದ್ದ. ಎಂಬತ್ತರ ದಶಕದಲ್ಲಿ ಬೆನ್ನ ಹಿಂದೆ ವಿದ್ಯುತ್ ಡ್ರಮ್‌ಗಳೂ ಬಂದವು. ಆಮೇಲೆ ಇಡೀ ವೇದಿಕೆಯೇ ಗರಗರ ತಿರುಗಿ ಹಿಂದಿನದು ಮುಂದಕ್ಕೆ ಬರುವ ವ್ಯವಸ್ಥೆಯಾಯಿತು. ಅದನ್ನು ಮೊದಲ ಸಲ ಕಂಡಾಗ ಅಭಿಮಾನಿಗೆ ಅನಿಸಿದ್ದು ಒಂದೇ: “ಲೇಕ್‌ಸೈಡ್ ಪಾರ್ಕಿನಿಂದ ಓಡಿಸಿದ್ದರಲ್ಲ ಆ ಹುಡುಗನನ್ನು, ಅವನು ತನ್ನದೇ ತಿರುಗುವ ಕುದುರೆ ಕಟ್ಟಿಕೊಂಡುಬಿಟ್ಟ!”

ಅಭಿಮಾನಿಗಳು ಪಿಯರ್ಟ್‌ನನ್ನು ‘ಪ್ರೊಫೆಸರ್’ ಎಂದು ಕರೆಯುತ್ತಿದ್ದರು. ಆದರೆ ಕೀರ್ತಿಯ ತುದಿಯಲ್ಲಿದ್ದಾಗ, ನಲವತ್ತು ದಾಟಿದ ಮೇಲೆ, ಆತ ಮತ್ತೆ ವಿದ್ಯಾರ್ಥಿಯಾದ. ಫ್ರೆಡ್ಡಿ ಗ್ರೂಬರ್ ಎಂಬ ಹಿರಿಯ ಜಾಝ್ ಗುರುವಿನ ಬಳಿ ಹೋಗಿ, ಕೋಲು ಹಿಡಿಯುವುದರಿಂದ ಹಿಡಿದು ಕೂರುವ ರೀತಿಯವರೆಗೆ ಹೊಸದಾಗಿ ಕಲಿತ. “ಇಪ್ಪತ್ತು ವರ್ಷ ನುಡಿಸಿದವನು ‘ನನಗೆ ಬರುವುದಿಲ್ಲ, ಹೇಳಿಕೊಡಿ’ ಅನ್ನುವುದು ಸುಲಭವೇ? ನಮ್ಮ ಕಾರ್ಖಾನೆಯಲ್ಲಿ ಹೊಸ ಯಂತ್ರ ಬಂದಾಗ ಅದನ್ನು ಕಲಿಯಲು ನಾನು ಎಷ್ಟು ಮುಖ ಸಿಂಡರಿಸಿದ್ದೆ!” ಎಂಬುದು ಅಭಿಮಾನಿಯ ಮಾತು.

88,000 ಕಿಲೋಮೀಟರ್

ಪಿಯರ್ಟ್ ಒಳ್ಳೆಯ ಪ್ರವಾಸಿಗ. 1988ರಲ್ಲಿ ಸೈಕಲ್ ಮೇಲೆ ಪಶ್ಚಿಮ ಆಫ್ರಿಕಾದ ಕ್ಯಾಮರೂನ್ ಸುತ್ತಿದ. ಆ ಅನುಭವ 1996ರಲ್ಲಿ ಪುಸ್ತಕವಾಗಿ ಬಂತು. ಅದೇ ವರ್ಷದಿಂದ ಕಛೇರಿಯಿಂದ ಕಛೇರಿಗೆ ಮೋಟಾರ್ ಸೈಕಲ್‌ನಲ್ಲೇ ಹೋಗತೊಡಗಿದ. ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆ ಹಿಡಿಯುವುದು ಅವನ ಕ್ರಮ. ಅಪರಿಚಿತರು ಬಂದು ಮುತ್ತುವುದು ಅವನಿಗೆ ಆಗದು. ಕಛೇರಿ ಮುಗಿದ ಮೇಲೆ ಅಭಿಮಾನಿಗಳನ್ನು ಕಾಣುವ ಕೆಲಸವನ್ನು ಇನ್ನಿಬ್ಬರಿಗೆ ಬಿಟ್ಟಿದ್ದ. ಹೆಲ್ಮೆಟ್ ಹಾಕಿದ ಸವಾರನನ್ನು ಯಾರೂ ಗುರುತಿಸುವುದಿಲ್ಲ ಎಂಬುದೇ ಅವನಿಗೆ ನೆಮ್ಮದಿ.

1997ರ ಆಗಸ್ಟ್ 10ರಂದು, ವಿಶ್ವವಿದ್ಯಾಲಯಕ್ಕೆ ಸೇರಲು ಕಾರಿನಲ್ಲಿ ಟೊರಾಂಟೊ ಕಡೆಗೆ ಹೊರಟಿದ್ದ ಅವನ ಒಬ್ಬಳೇ ಮಗಳು ಸೆಲೀನಾ ಬ್ರೈಟನ್ ಎಂಬ ಊರಿನ ಬಳಿ ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿ ತೀರಿಕೊಂಡಳು. ಅವಳಿಗೆ 19 ವರ್ಷ. ಹತ್ತೇ ತಿಂಗಳಲ್ಲಿ, 1998ರ ಜೂನ್ 20ರಂದು, ಇಪ್ಪತ್ತಮೂರು ವರ್ಷ ಬಾಳಸಂಗಾತಿಯಾಗಿದ್ದ ಜಾಕ್ವೆಲಿನ್ ಕ್ಯಾನ್ಸರಿನಿಂದ ಹೋದಳು. ಮಗಳ ಅಂತ್ಯಕ್ರಿಯೆಯ ದಿನವೇ ಪಿಯರ್ಟ್ ಗೆಳೆಯರಿಗೆ, ತಾನಿನ್ನು ನಿವೃತ್ತನೆಂದು ತಿಳಿಯಿರಿ ಎಂದಿದ್ದ. ಗೆಳೆಯರು ಒಂದು ಮಾತೂ ಒತ್ತಾಯಿಸಲಿಲ್ಲ.

1998ರ ಆಗಸ್ಟಿನಲ್ಲಿ ಮೋಟಾರ್ ಸೈಕಲ್ ಹತ್ತಿ ಹೊರಟ ಆತ ಉತ್ತರದ ಹಿಮದ ನಾಡಿನಿಂದ ಮೆಕ್ಸಿಕೊ, ಬೆಲೀಝ್‌ವರೆಗೆ ಸುಮಾರು 88,000 ಕಿಲೋಮೀಟರ್ ಅಲೆದ. 2002ರಲ್ಲಿ ಬಂದ ‘ಘೋಸ್ಟ್ ರೈಡರ್’ ಪುಸ್ತಕ ಆ ಅಲೆದಾಟದ ಕಥೆ. ತನ್ನೊಳಗಿನ ಜೀವ ಅಳುವ ಹಸುಗೂಸಿನಂತಿದೆ. ಗಾಡಿಯಲ್ಲಿ ಕೂರಿಸಿ ಸುತ್ತಾಡಿಸುತ್ತಿದ್ದರೆ ಮಾತ್ರ ಸುಮ್ಮನಾಗುತ್ತದೆ ಎಂಬ ಭಾವ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಅಲೆದಾಟದ ಉದ್ದಕ್ಕೂ ಆತ ಡ್ರಮ್ ಮುಂದೆ ಕೂತದ್ದು ಇಲ್ಲವೆನ್ನುವಷ್ಟು ಕಡಿಮೆ. 2000ದಲ್ಲಿ ಛಾಯಾಗ್ರಾಹಕಿ ಕ್ಯಾರಿ ನಟ್ಟಲ್‌ಳನ್ನು ಮದುವೆಯಾದ. 2002ರ ಬೇಸಿಗೆಯಲ್ಲಿ ರಷ್ ಮತ್ತೆ ವೇದಿಕೆಗೆ ಬಂತು.

ಇದೇ ಪುಸ್ತಕ ಅಭಿಮಾನಿಯ ಬದುಕಿನಲ್ಲೂ ಬಂತು. 2003ರ ಚಳಿಗಾಲದಲ್ಲಿ ಅವರ ಹೆಂಡತಿ ತೀರಿಕೊಂಡರು, ಅದೂ ಕ್ಯಾನ್ಸರೇ. ಪಾಳಿಯ ಗೆಳೆಯನೊಬ್ಬ ಊಟದ ಡಬ್ಬಿಯ ಜೊತೆ ಈ ಪುಸ್ತಕವನ್ನು ಇಟ್ಟು ಹೋದ. “ಎಲ್ಲರೂ ಸಮಾಧಾನ ಹೇಳಿದರು. ಕಾಲವೇ ಮದ್ದು ಅಂದರು. ನೀಲ್ ಸಮಾಧಾನ ಹೇಳುವುದಿಲ್ಲ. ಈ ದಿನ ಇಷ್ಟು ದೂರ ಹೋದೆ, ಇಲ್ಲಿ ಊಟ ಮಾಡಿದೆ, ಇಲ್ಲಿ ಮಲಗಿದೆ, ನಿದ್ದೆ ಬರಲಿಲ್ಲ ಅಂತ ಬರೆಯುತ್ತಾನೆ. ನಾನೂ ಹಾಗೆ ಮಾಡಿದೆ. ಈ ದಿನ ಕೆಲಸಕ್ಕೆ ಹೋದೆ. ಈ ದಿನ ಮಗಳಿಗೆ ಅಡಿಗೆ ಮಾಡಿದೆ. ಹಾಗೇ ಒಂದು ವರ್ಷ ಕಳೆಯಿತು.”

ಆ ವರ್ಷದ ಕೊನೆಗೆ, 2004ರ ಬೇಸಿಗೆಯಲ್ಲಿ, ಕಿಂಗ್‌ಸ್ಟನ್ ಕಡೆಯ ಹಳ್ಳಿಯ ರಸ್ತೆಯ ಒಂದು ಪೆಟ್ರೋಲ್ ಬಂಕಿನಲ್ಲಿ ಇಬ್ಬರು ಮೋಟಾರ್ ಸೈಕಲ್ ಸವಾರರು ಬಂದು ನಿಂತರು. ಒಬ್ಬ ಎತ್ತರದ ಆಳು. ಹೆಲ್ಮೆಟ್ ತೆಗೆದು, ತಲೆಗೆ ಟೊಪ್ಪಿಗೆ ಹಾಕಿ, ನಕಾಶೆ ಬಿಡಿಸಿ ನೋಡತೊಡಗಿದ. ರಷ್ ತಂಡ ಮೂವತ್ತು ತುಂಬಿದ ಪ್ರವಾಸದಲ್ಲಿದ್ದ ವರ್ಷ ಅದು. ಅವನೇ ಇರಬಹುದು. ಇಲ್ಲದೆಯೂ ಇರಬಹುದು. ಅಭಿಮಾನಿ ಹತ್ತು ಹೆಜ್ಜೆ ದೂರದಲ್ಲಿ ಕೈಯಲ್ಲಿ ಕಾಫಿ ಹಿಡಿದು ನಿಂತಿದ್ದರು. ಹೇಳಬೇಕಾಗಿದ್ದದ್ದು ಒಂದೇ ಮಾತು, ‘ಉಪಕಾರವಾಯಿತು’ ಎಂದು. ಅವರು ಹೋಗಲಿಲ್ಲ. “ಅವನಿಗೆ ಬೇಕಾಗಿದ್ದದ್ದು ಯಾರೂ ಬಂದು ಮಾತಾಡಿಸದೆ ಇರುವುದು. ನನ್ನಿಂದ ಅವನಿಗೆ ಕೊಡಲು ಆಗುತ್ತಿದ್ದದ್ದು ಅದೊಂದೇ” ಎನ್ನುತ್ತಾರೆ. ಸವಾರರು ನಕಾಶೆ ಮಡಿಸಿ ಹೊರಟುಹೋದರು.

ಹಿಮದಲ್ಲಿ ಎರಡು ಕೋಲು

2015ರ ಜೂನಿನಲ್ಲಿ ಟೊರಾಂಟೊದಲ್ಲಿ ರಷ್ ಕಛೇರಿ ನಡೆದಾಗ ಅಭಿಮಾನಿ ಮಗಳೊಂದಿಗೆ ಹೋಗಿದ್ದರು. ಅದೇ ಕೊನೆಯೆಂದು ಒಳಗೇ ಗೊತ್ತಿತ್ತು. ಆಗಸ್ಟ್ 1ರಂದು ಲಾಸ್ ಏಂಜಲೀಸ್‌ನಲ್ಲಿ ಪ್ರವಾಸ ಮುಗಿಯಿತು. ಅಷ್ಟು ವರ್ಷ ಡ್ರಮ್‌ಗಳ ಹಿಂದೆಯೇ ಉಳಿದು ಮುಂದೆ ಬಾರದಿದ್ದ ಪಿಯರ್ಟ್, ಅಂದು ಎದ್ದು ಬಂದು ಗೆಳೆಯರಿಬ್ಬರನ್ನು ತಬ್ಬಿ ಜನರಿಗೆ ತಲೆಬಾಗಿದ.

ಆಮೇಲೆ ಮೌನ. ಮೆದುಳಿನ ಕ್ಯಾನ್ಸರಿನೊಡನೆ ಮೂರೂವರೆ ವರ್ಷ ಹೋರಾಡಿದ್ದು ಹತ್ತಿರದವರಿಗಷ್ಟೇ ಗೊತ್ತಿತ್ತು. 2020ರ ಜನವರಿ 7ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ, ವಯಸ್ಸು 67. ಸುದ್ದಿ ಹೊರಬಂದದ್ದು ಮೂರು ದಿನ ಕಳೆದು, ಶುಕ್ರವಾರ. ಮಾರನೆಯ ಬೆಳಿಗ್ಗೆ ಅಭಿಮಾನಿ ಕಾರು ತೆಗೆದು ನೇರ ಲೇಕ್‌ಸೈಡ್ ಪಾರ್ಕಿಗೆ ಬಂದರು. ಚಳಿಗಾಲದಲ್ಲಿ ತಿರುಗುವ ಕುದುರೆಯ ಮನೆಗೆ ಬೀಗ. ದಡದಲ್ಲಿ ಗಾಳಿ. ಅವರಿಗಿಂತ ಮೊದಲೇ ಯಾರೋ ಬಂದು ಹೋಗಿದ್ದರು. ನೆಲದಲ್ಲಿ ಎರಡು ಡ್ರಮ್ ಕೋಲುಗಳು ನಾಟಿ ನಿಂತಿದ್ದವು. ಸ್ವಲ್ಪ ಹೊತ್ತಿಗೆ ಇನ್ನಿಬ್ಬರು ಬಂದರು. ಯಾರೂ ಯಾರಿಗೂ ಪರಿಚಯವಿಲ್ಲ. ತಲೆಯಾಡಿಸಿದರು, ನಿಂತರು, ಹೋದರು.

ನಗರಸಭೆ ಅದೇ ವರ್ಷ ಪಾರ್ಕಿನ ಮಂಟಪಕ್ಕೆ ಪಿಯರ್ಟ್‌ನ ಹೆಸರಿಟ್ಟಿತು. 1975ರಲ್ಲಿ ಈ ಪಾರ್ಕಿನ ಹೆಸರಿನಲ್ಲೇ ಒಂದು ಹಾಡು ಬರೆದಿದ್ದ ಆತ. ಹಾಡಿದ್ದ ರೆಕಾರ್ಡು ಆಗ ಅಷ್ಟಾಗಿ ಮಾರಾಟವಾಗಲಿಲ್ಲ. ಆದರೆ ಹಾಡಿನಿಂದಾಗಿ ದೂರದೂರದವರು ಈ ಸಣ್ಣ ದಡವನ್ನು ಹುಡುಕಿಕೊಂಡು ಬರುತ್ತಾರೆ. ಬಂದವರಿಗೆ ಕಾಣಸಿಗುವುದು ಮರಳು, ಮಂಟಪ, ಬೆಂಚು, ಐಸ್‌ಕ್ರೀಮ್ ತಿನ್ನುವ ಮಕ್ಕಳು. ಆಕಾಶ ತಿಳಿಯಾಗಿದ್ದರೆ ನೀರಿನಾಚೆ, ಸುಮಾರು 50 ಕಿಲೋಮೀಟರ್ ದೂರದಲ್ಲಿ, 553 ಮೀಟರ್ ಎತ್ತರದ ಸಿ.ಎನ್. ಗೋಪುರ ಸೂಜಿಯಂತೆ ಕಾಣುತ್ತದೆ. ಆಟದಂಗಡಿಯ ಹುಡುಗನ ಕಾಲಕ್ಕೆ ಆ ಗೋಪುರವಿರಲಿಲ್ಲ.

2025ರ ಅಕ್ಟೋಬರಿನಲ್ಲಿ ಗೆಡ್ಡಿ ಲೀ ಮತ್ತು ಅಲೆಕ್ಸ್ ಲೈಫ್‌ಸನ್ ಇನ್ನೊಂದು ಸುದ್ದಿ ಕೊಟ್ಟರು: 2026ರಲ್ಲಿ ರಷ್ ಹಾಡುಗಳೊಂದಿಗೆ ಮತ್ತೆ ಪ್ರವಾಸ, ಡ್ರಮ್‌ಗೆ ಜರ್ಮನಿಯ ಅನಿಕಾ ನಿಲ್ಲೆಸ್. ಪಿಯರ್ಟ್‌ನ ಹೆಂಡತಿ ಮತ್ತು ಮಗಳು ಒಲಿವಿಯಾ ಇದಕ್ಕೆ ಮನಸಾರೆ ಒಪ್ಪಿಗೆ ಸೂಚಿಸಿದರು. ಅಭಿಮಾನಿಗೆ ಮಾತ್ರ ಒಂದು ವಾರ ಸಿಟ್ಟು ಇಳಿಯಲಿಲ್ಲ. ಆ ಜಾಗದಲ್ಲಿ ಬೇರೆಯವರು ಕೂರುವುದೆಂದರೇನು? ಮಗಳ ಜೊತೆ ಫೋನಿನಲ್ಲಿ ಜಗಳವನ್ನೇ ಆಡಿದರು.

ಸಿಟ್ಟು ಇಳಿದದ್ದು ಹಳೆಯ ಮೊದಲ ರೆಕಾರ್ಡನ್ನು ಹೊರತೆಗೆದಾಗ. 1974ರ ಆ ರೆಕಾರ್ಡಿನಲ್ಲಿ ನುಡಿಸಿದ್ದು ಪಿಯರ್ಟ್ ಅಲ್ಲ, 2008ರಲ್ಲಿ ತೀರಿಕೊಂಡ ಜಾನ್ ರಟ್ಸಿ. “ನೀಲ್ ಕೂಡ ಇನ್ನೊಬ್ಬರ ಜಾಗದಲ್ಲಿ ಕೂತವನೇ. ಅವತ್ತು ಯಾರಾದರೂ ಬೇಡ ಅಂದಿದ್ದರೆ ನಮಗೆ ನೀಲ್ ಸಿಗುತ್ತಲೇ ಇರಲಿಲ್ಲ. ನಲವತ್ತು ದಾಟಿ ಶಿಷ್ಯನಾದವನು, ಕಲಿತು ಬಂದ ಹೆಣ್ಣುಮಗಳಿಗೆ ಜಾಗ ಇಲ್ಲ ಅನ್ನುತ್ತಿದ್ದನೇ?” ಮಗಳಿಗೆ ಫೋನ್ ಮಾಡಿ ಹೇಳಿದರಂತೆ: ನೀನು ಹೇಳಿದ್ದೇ ಸರಿ.

ಪೋರ್ಟ್ ಡಾಲ್‌ಹೌಸಿಗೆ ಹೋಗುವವರು ಮೇ ಕೊನೆಯಿಂದ ಸೆಪ್ಟೆಂಬರ್ ಆರಂಭದೊಳಗೆ ಹೋಗುವುದು ಲೇಸು. ಚಳಿಗಾಲದಲ್ಲಿ ಕುದುರೆಗಳು ತಿರುಗುವುದಿಲ್ಲ. ನಯಾಗರಾಕ್ಕೆ ಬೆಳಿಗ್ಗೆಯೇ ಹೋಗಿ, ಹಿಂತಿರುಗುವಾಗ ಇಲ್ಲಿ ಸಂಜೆ ಕಳೆಯಬಹುದು. ಸೂರ್ಯ ಸರೋವರದ ಕಡೆಗೆ ಇಳಿಯುವ ಹೊತ್ತು ಬಲು ಚೆನ್ನ. ಊಟದ ಬುತ್ತಿ ಉಳಿದಿದ್ದರೆ ಮರದ ನೆರಳಿನ ಮೇಜುಗಳಿವೆ. ಐದು ಸೆಂಟಿನ ಬಿಲ್ಲೆಗಳನ್ನು ಮಾತ್ರ ಮೊದಲೇ ಕೂಡಿಸಿಟ್ಟುಕೊಂಡಿರಬೇಕು.

ಅಭಿಮಾನಿ ಅವನ್ನು ಹಳೆಯ ಕಾಫಿ ಡಬ್ಬಿಯೊಂದರಲ್ಲಿ ವರ್ಷವಿಡೀ ಕೂಡಿಡುತ್ತಾರೆ. ಕಳೆದ ಕೆಲವು ವರ್ಷಗಳಿಂದ ಮೇ 24ಕ್ಕೆ ಮೊಮ್ಮಗಳೂ ಜೊತೆಗೆ ಬರುತ್ತಾಳೆ. ಅವಳಿಗೆ ಸಿಂಹವೇ ಆಗಬೇಕು, ಕುದುರೆ ಬೇಡ. ಅವಳು ಸುತ್ತುವಷ್ಟು ಹೊತ್ತೂ ಅಜ್ಜ ಕಟಕಟೆಗೆ ಒರಗಿ, ಅದರ ಮೇಲೆ ಬೆರಳಲ್ಲಿ ಏಳರ ಎಣಿಕೆ ಹಾಕುತ್ತಿರುತ್ತಾರೆ. ವಾದ್ಯ ನಿಲ್ಲುತ್ತದೆ, ಸಿಂಹ ನಿಲ್ಲುತ್ತದೆ.

“ಅಜ್ಜಾ, ಇನ್ನೊಂದು ಸುತ್ತು.”

ಅಜ್ಜ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ.